ಗಾಯ ಊರಿನದು, ಮದ್ದೂ ಊರಿನದೇ

ಪ್ರತಿವರ್ಷ ಸೆಪ್ಟೆಂಬರ್ 30 ಹತ್ತಿರ ಬಂತೆಂದರೆ ಕೆನಡಾದ ಶಾಲೆಗಳಲ್ಲಿ ಮಕ್ಕಳು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಬರುತ್ತಾರೆ. ಟೊರಾಂಟೊ, ಬ್ರಾಂಪ್ಟನ್, ವ್ಯಾಂಕೂವರ್ ಕಡೆ ನೆಲೆಸಿರುವ ಕನ್ನಡದ ಮನೆಗಳ ಮಕ್ಕಳೂ ಅವರಲ್ಲಿದ್ದಾರೆ. ಆ ಬಣ್ಣದ ಹಿಂದಿರುವುದು ಫಿಲಿಸ್ ವೆಬ್‌ಸ್ಟಾಡ್ ಎಂಬ ಮೂಲನಿವಾಸಿ ಮಹಿಳೆಯ ಬಾಲ್ಯ. 1973ರಲ್ಲಿ, ಆರು ವರ್ಷದ ಹುಡುಗಿ ಬ್ರಿಟಿಷ್ ಕೊಲಂಬಿಯಾದ ವಿಲಿಯಮ್ಸ್ ಲೇಕ್ ಬಳಿಯ ವಸತಿ ಶಾಲೆಗೆ ಹೊರಟಾಗ ಅಜ್ಜಿ ಅವಳಿಗೆ ಹೊಸ ಕಿತ್ತಳೆ ಅಂಗಿ ಕೊಡಿಸಿದ್ದರು. ಶಾಲೆಗೆ ಕಾಲಿಟ್ಟ ಮೊದಲ ದಿನವೇ ಅದನ್ನು ಬಿಚ್ಚಿಸಿ ತೆಗೆದುಕೊಂಡರು. ಮತ್ತೆಂದೂ ಅದು ಅವಳ ಕೈಗೆ ಬರಲಿಲ್ಲ. ನಲವತ್ತು ವರ್ಷಗಳ ನಂತರ, 2013ರಲ್ಲಿ, ಆಕೆ ಹೇಳಿಕೊಂಡ ಈ ನೆನಪಿನಿಂದ ‘ಕಿತ್ತಳೆ ಅಂಗಿ ದಿನ’ ಹುಟ್ಟಿತು. 2021ರಿಂದ ಅದೇ ದಿನ ಆ ದೇಶದ ಸತ್ಯ ಮತ್ತು ಸಂಧಾನದ ರಾಷ್ಟ್ರೀಯ ದಿನವೂ ಆಗಿದೆ.

ಒಂದು ಅಂಗಿ ಕಿತ್ತುಕೊಂಡದ್ದು ಇಷ್ಟು ದೊಡ್ಡ ಸಂಗತಿಯೇ ಎಂದು ಕೇಳುವವರಿಗೆ ಆ ಶಾಲೆಗಳ ಚರಿತ್ರೆಯೇ ಉತ್ತರ. 1880ರ ದಶಕದಿಂದ 1990ರ ದಶಕದವರೆಗೆ ಸರ್ಕಾರದ ಹಣದಲ್ಲಿ, ಬಹುಪಾಲು ಚರ್ಚುಗಳ ಉಸ್ತುವಾರಿಯಲ್ಲಿ ನಡೆದ ಈ ವಸತಿ ಶಾಲೆಗಳಿಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಒಯ್ದರು. ಅವರ ಜಡೆ ಕತ್ತರಿಸಿದರು. ತಾಯಿನುಡಿ ಬಾಯಿಗೆ ಬಂದರೆ ಹೊಡೆದರು. ಅಣ್ಣ ತಂಗಿಯನ್ನು ಒಂದೇ ಕಟ್ಟಡದೊಳಗೆ ಬೇರೆ ಬೇರೆ ಇಟ್ಟರು. ಅರೆಹೊಟ್ಟೆ, ಕ್ಷಯರೋಗ, ಲೈಂಗಿಕ ದೌರ್ಜನ್ಯ ಇವೆಲ್ಲ ಆ ಗೋಡೆಗಳ ಒಳಗೆ ಇದ್ದವು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಮರ್ರಿ ಸಿಂಕ್ಲೇರ್ ಅವರ ಅಧ್ಯಕ್ಷತೆಯ ಸತ್ಯ ಮತ್ತು ಸಂಧಾನ ಆಯೋಗ ಆರು ಸಾವಿರಕ್ಕೂ ಹೆಚ್ಚು ಜನರ ಮಾತು ಕೇಳಿ 2015ರಲ್ಲಿ ವರದಿ ಕೊಟ್ಟಿತು. ನಡೆದದ್ದು ಸಾಂಸ್ಕೃತಿಕ ನರಮೇಧ ಎಂದು ಅದು ನೇರವಾಗಿ ಹೇಳಿತು.

ಇಂಥ ಗಾಯ ಅನುಭವಿಸಿದವರ ಕಾಲಕ್ಕೇ ಮುಗಿಯುವುದಿಲ್ಲ. ಐದಾರು ವರ್ಷದಿಂದ ಹದಿನಾರರವರೆಗೆ ಮಡಿಲೇ ಕಾಣದೆ ಬೆಳೆದ ಮಗು ಮುಂದೆ ತಾನು ತಾಯಿಯಾದಾಗ ಮಗುವನ್ನು ಎತ್ತಿ ಆಡಿಸುವುದನ್ನು ಯಾರನ್ನು ನೋಡಿ ಕಲಿತಿರುತ್ತದೆ? ಹೇಳಲಾಗದ ನೋವು ಮೌನವಾಗುತ್ತದೆ, ಕುಡಿತವಾಗುತ್ತದೆ, ಮನೆಯೊಳಗಿನ ಹೊಡೆತವಾಗುತ್ತದೆ. ಅಮೆರಿಕದ ಲಕೋಟ ಜನಾಂಗದ ವಿದುಷಿ ಮರಿಯಾ ಯೆಲ್ಲೋ ಹಾರ್ಸ್ ಬ್ರೇವ್ ಹಾರ್ಟ್ ಹೀಗೆ ತಲೆಮಾರಿನಿಂದ ತಲೆಮಾರಿಗೆ ಇಳಿಯುವ ನೋವನ್ನು ಚಾರಿತ್ರಿಕ ಆಘಾತ ಎಂದು ಗುರುತಿಸಿ, ಅದನ್ನು ಒಬ್ಬೊಬ್ಬರ ಮನೋರೋಗವೆಂದು ನೋಡಿದರೆ ಸಾಲದು ಎಂದು ವಾದಿಸಿದರು.

ಹಾಗಾದರೆ ವಾಸಿ ಮಾಡುವುದು ಹೇಗೆ? ಆಪ್ತಸಲಹೆ ಬೇಕು, ಔಷಧ ಬೇಕು, ಒಳ್ಳೆಯ ವೈದ್ಯರು ಬೇಕು. ಆದರೆ ಮುಚ್ಚಿದ ಕೋಣೆಯಲ್ಲಿ ಅಪರಿಚಿತ ತಜ್ಞರ ಎದುರು ಒಂಟಿಯಾಗಿ ಕೂತು ಬಾಯಿ ಬಿಡುವ ಕ್ರಮ ಎಲ್ಲರಿಗೂ ಒಗ್ಗುವುದಿಲ್ಲ. ಸರ್ಕಾರದ ಕಟ್ಟಡದಲ್ಲಿ, ಸರ್ಕಾರದ ಭಾಷೆಯಲ್ಲಿ ಪೆಟ್ಟು ತಿಂದವರಿಗಂತೂ ಅದು ಇನ್ನೂ ಕಷ್ಟ. ಅದಕ್ಕೇ ಕಳೆದ ಎರಡು ದಶಕಗಳಲ್ಲಿ ಕೆನಡಾದ ಮೂಲನಿವಾಸಿಗಳು ಮಣಿ, ದಾರ, ಬಣ್ಣ, ಸೀಡರ್ ಮರ ಹಿಡಿದು ಗುಂಪಾಗಿ ಕೂತರು. ಈ ಕೂಟಗಳು ಮನಸ್ಸನ್ನು ಹಗುರ ಮಾಡುವ ಹವ್ಯಾಸಗಳೆಂದು ತಿಳಿದರೆ ನಾವು ಅವನ್ನು ಅರ್ಥಮಾಡಿಕೊಂಡಂತಾಗಲಿಲ್ಲ. ಒಡೆದು ಹೋದದ್ದು ಏನೇನೋ ಅದನ್ನೆಲ್ಲ ಅವರು ಅಲ್ಲಿ ಸಣ್ಣ ಪ್ರಮಾಣದಲ್ಲಿ ಮತ್ತೆ ಕಟ್ಟುತ್ತಿದ್ದಾರೆ: ಹಿರಿಯರ ಪಕ್ಕ ಕೂತು ಕಲಿಯುವುದು, ಸತ್ತವರಿಗೆ ವಿಧಿಪೂರ್ವಕ ಗೌರವ ಸಲ್ಲಿಸುವುದು, ತಮ್ಮ ವಸ್ತುಗಳ ಮೇಲೆ ತಮ್ಮ ಮಾತು ನಡೆಯುವುದು.

ಒಡೆದದ್ದು ಇದನ್ನೇ ಎಂಬುದಕ್ಕೆ ಕಾನೂನಿನಲ್ಲೇ ಪುರಾವೆಯಿದೆ. ಪೆಸಿಫಿಕ್ ಕರಾವಳಿಯ ಜನ ಮದುವೆ, ಮರಣ, ನಾಮಕರಣಗಳಿಗೆ ಊರನ್ನೆಲ್ಲ ಕರೆದು ಕುಣಿದು, ಉಂಡು, ಇದ್ದದ್ದನ್ನು ಹಂಚುವ ‘ಪಾಟ್‌ಲ್ಯಾಚ್’ ಎಂಬ ದೊಡ್ಡ ಆಚರಣೆಯನ್ನು 1884ರ ತಿದ್ದುಪಡಿಯ ಮೂಲಕ ಕೆನಡಾ ಅಪರಾಧವೆಂದು ಸಾರಿತು. ಮುಖವಾಡ ಕೆತ್ತುವುದಕ್ಕೂ ಕಂಬಳಿ ನೇಯುವುದಕ್ಕೂ ಹಾಡು ಕಟ್ಟುವುದಕ್ಕೂ ಆ ಆಚರಣೆಯೇ ಜೀವಾಳ. 1921ರ ಕ್ರಿಸ್ಮಸ್ ಹೊತ್ತಿಗೆ ವಿಲೇಜ್ ಐಲೆಂಡ್ ಎಂಬ ದ್ವೀಪದಲ್ಲಿ ಡ್ಯಾನ್ ಕ್ರಾನ್ಮರ್ ನಡೆಸಿದ ಪಾಟ್‌ಲ್ಯಾಚ್‌ನಲ್ಲಿ ಪಾಲ್ಗೊಂಡವರ ಮೇಲೆ ಮೊಕದ್ದಮೆ ಹೂಡಿದರು. ಹಲವರು ಜೈಲಿಗೆ ಹೋದರು. ಮುಖವಾಡಗಳು, ತಾಮ್ರದ ಫಲಕಗಳು, ಗಿಲಕಿಗಳು ಒಟ್ಟಾವ, ಟೊರಾಂಟೊ, ನ್ಯೂಯಾರ್ಕಿನ ಸಂಗ್ರಹಾಲಯಗಳ ಪಾಲಾದವು. ನಿಷೇಧ ಕಾನೂನಿನಿಂದ ಮರೆಯಾದದ್ದು 1951ರಲ್ಲಿ. ಹೀಗೆ ಕಲೆಯನ್ನೂ ಅದು ಹುಟ್ಟುವ ಕೂಟವನ್ನೂ ಒಟ್ಟಿಗೇ ನಿಷೇಧಿಸಿದ್ದರಿಂದ ಗುಣವಾಗುವ ದಾರಿಯೂ ಕಲೆ ಮತ್ತು ಕೂಟ ಎರಡನ್ನೂ ಜೊತೆಯಾಗಿ ಹಿಡಿಯಬೇಕಾಯಿತು.

ಈ ದಾರಿಯ ದೊಡ್ಡ ಉದಾಹರಣೆ ‘ವಾಕಿಂಗ್ ವಿತ್ ಅವರ್ ಸಿಸ್ಟರ್ಸ್’ (ನಮ್ಮ ಅಕ್ಕತಂಗಿಯರ ಜೊತೆ ನಡಿಗೆ) ಎಂಬ ಸಾಮೂಹಿಕ ಕಲಾಕೃತಿ. ಕೆನಡಾದಲ್ಲಿ ಮೂಲನಿವಾಸಿ ಹೆಣ್ಣುಮಕ್ಕಳು ಕಣ್ಮರೆಯಾಗುವುದು, ಕೊಲೆಯಾಗುವುದು ದಶಕಗಳಿಂದ ನಡೆದೇ ಇತ್ತು. ಮನೆಯವರು ದೂರು ಕೊಟ್ಟರೂ ವ್ಯವಸ್ಥೆ ಕಿವಿಗೊಡುತ್ತಿರಲಿಲ್ಲ. 1980ರಿಂದ 2012ರವರೆಗೆ ಇಂಥ 1,181 ಪ್ರಕರಣಗಳಿವೆ ಎಂದು ಆ ದೇಶದ ಪೊಲೀಸರೇ 2014ರಲ್ಲಿ ಒಪ್ಪಿಕೊಂಡರು. ಅದಕ್ಕೂ ಎರಡು ವರ್ಷ ಮೊದಲು, 2012ರಲ್ಲಿ, ಮೆಟೀ ಎಂಬ ಮೂಲನಿವಾಸಿ ಸಮುದಾಯದ ಚಿತ್ರಕಲಾವಿದೆ ಕ್ರಿಸ್ಟಿ ಬೆಲ್‌ಕೋರ್ಟ್ ಫೇಸ್‌ಬುಕ್ಕಿನಲ್ಲಿ ಒಂದು ಕರೆ ಕೊಟ್ಟಿದ್ದರು. ಮೊಕಸಿನ್ ಎಂಬ ಚರ್ಮದ ಪಾದರಕ್ಷೆಯಲ್ಲಿ ಬೆರಳುಗಳ ಮೇಲೆ ಬರುವ ತುಂಡೊಂದಿರುತ್ತದೆ. ಮಣಿ ಕಸೂತಿ ಹೆಚ್ಚಾಗಿ ಇರುವುದು ಅದರ ಮೇಲೆ. ಆ ತುಂಡನ್ನು ಮಾತ್ರ ಅಲಂಕರಿಸಿ ಜೋಡಿಯಾಗಿ ಕಳಿಸಿ, ಕಳೆದುಹೋದ ಹೆಣ್ಣುಮಕ್ಕಳಿಗಾಗಿ ಆರುನೂರು ಜೋಡಿ ಸೇರಿಸೋಣ ಎಂದು ಆಕೆ ಕೇಳಿಕೊಂಡರು. ಸುಮಾರು ಒಂದು ವರ್ಷದಲ್ಲಿ ಬಂದದ್ದು ಸಾವಿರದ ಆರುನೂರಕ್ಕೂ ಹೆಚ್ಚು ಜೋಡಿ.

ಯಾವ ಜೋಡಿಗೂ ಅಡಿ ಹೊಲಿದಿರಲಿಲ್ಲ, ಹಿಮ್ಮಡಿ ಕೂಡಿಸಿರಲಿಲ್ಲ. ಯಾರೂ ತೊಟ್ಟು ನಡೆಯಲಾಗದ ಪಾದರಕ್ಷೆಗಳವು, ಅರ್ಧಕ್ಕೇ ನಿಂತ ಬದುಕುಗಳ ಹಾಗೆ. ವಸತಿ ಶಾಲೆಯಿಂದ ಮರಳದ ಮಕ್ಕಳಿಗಾಗಿ ನೂರಕ್ಕೂ ಹೆಚ್ಚು ಪುಟ್ಟ ಜೋಡಿಗಳೂ ಮುಂದೆ ಸೇರಿಕೊಂಡವು. ಕಳಿಸಿದವರಲ್ಲಿ ಮಗಳನ್ನು ಕಳೆದುಕೊಂಡ ತಾಯಂದಿರಿದ್ದರು, ಅಕ್ಕನನ್ನು ಕಳೆದುಕೊಂಡ ತಮ್ಮಂದಿರಿದ್ದರು. ಸೂಜಿಯನ್ನೇ ಹಿಡಿದಿರದವರು ಇದಕ್ಕೆಂದೇ ಕೂತು ಕಲಿತು ಕಳಿಸಿದರು. ದೇಶದುದ್ದಕ್ಕೂ ಸಮುದಾಯ ಭವನಗಳಲ್ಲಿ, ಮನೆಗಳಲ್ಲಿ ಮಣಿ ಪೋಣಿಸುವ ಕೂಟಗಳು ಶುರುವಾದವು.

2013ರ ಅಕ್ಟೋಬರಿನಲ್ಲಿ ಎಡ್ಮಂಟನ್ನಿನಲ್ಲಿ ಮೊದಲ ಬಾರಿಗೆ ಇವನ್ನು ಜನರ ಮುಂದಿಟ್ಟರು. ಅದನ್ನು ಪ್ರದರ್ಶನ ಎನ್ನಲು ಸಂಘಟಕರು ಒಪ್ಪಲಿಲ್ಲ, ಆಚರಣೆ ಎಂದೇ ಕರೆದರು. ಹಿರಿಯ ಲೇಖಕಿ ಮರಿಯಾ ಕ್ಯಾಂಪ್‌ಬೆಲ್ ಹಿರಿಯರ ಸ್ಥಾನದಲ್ಲಿ ನಿಂತು ಕಟ್ಟುಪಾಡುಗಳನ್ನು ಹೇಳಿಕೊಟ್ಟರು. ತುಂಡುಗಳನ್ನು ಗೋಡೆಗೆ ತೂಗುಹಾಕದೆ ನೆಲದ ಮೇಲೆ ಬಟ್ಟೆ ಹಾಸಿ ಸಾಲಾಗಿ ಇಟ್ಟರು. ಬಂದವರು ಪಾದರಕ್ಷೆ ಕಳಚಿ, ಸೇಜ್ ಸೊಪ್ಪಿನ ಹೊಗೆಯಿಂದ ಶುದ್ಧರಾಗಿ, ಅಂಗೈಯಲ್ಲಿ ಚಿಟಿಕೆ ಹೊಗೆಸೊಪ್ಪು ಹಿಡಿದು, ಆ ಸಾಲುಗಳ ಪಕ್ಕ ನಿಧಾನ ನಡೆದು ಹೋಗಬೇಕಿತ್ತು. ಹೊಗೆಸೊಪ್ಪು ಅವರಲ್ಲಿ ಪ್ರಾರ್ಥನೆಯ ಕಾಣಿಕೆ. ಪ್ರವೇಶ ಶುಲ್ಕವಿರಲಿಲ್ಲ, ಫೋಟೊ ತೆಗೆಯುವಂತಿರಲಿಲ್ಲ. ಪ್ರತಿ ಊರಿನಲ್ಲೂ ಆ ಊರಿನವರೇ ಸಮಿತಿ ಕಟ್ಟಿಕೊಂಡು ತಮ್ಮ ನೆಲದ ಪದ್ಧತಿಯಂತೆ ಅಣಿಗೊಳಿಸಿದರು. ಖರ್ಚಿಗೆ ಸರ್ಕಾರದ ಮುಂದೆ ಕೈಚಾಚದೆ ಜನರಿಂದಲೇ ಹಣ ಸೇರಿಸಿದರು, ಸ್ವಯಂಸೇವಕರ ದುಡಿಮೆಯಿಂದಲೇ ನಡೆಸಿದರು. ಹೀಗೆ ಊರಿಂದೂರಿಗೆ ಸಾಗಿ 2019ರ ಆಗಸ್ಟಿನಲ್ಲಿ ಮೆಟೀ ಜನರ ಚರಿತ್ರೆಯ ನೆಲವಾದ ಬಟೋಶ್‌ನಲ್ಲಿ ಅದು ಮುಕ್ತಾಯವಾಯಿತು.

ಮಣಿ ಪೋಣಿಸುವುದರಿಂದ ನೋವು ಕಡಿಮೆಯಾಗುತ್ತದೆಯೇ? ಆ ಕೆಲಸದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮೆಟೀ ಹೆಂಗಸರ ಹೂಬಳ್ಳಿಯ ಕಸೂತಿಯಲ್ಲಿ ಎರಡು ಸೂಜಿ ಬಳಸುವುದುಂಟು. ಒಂದರ ದಾರದಲ್ಲಿ ಗಾಜಿನ ಮಣಿ ಸಾಲಾಗಿ ಏರುತ್ತದೆ. ಇನ್ನೊಂದು ಎರಡು ಮೂರು ಮಣಿಗೊಮ್ಮೆ ಆ ಸಾಲನ್ನು ಬಟ್ಟೆಗೋ ಚರ್ಮಕ್ಕೋ ಬಿಗಿಯುತ್ತದೆ. ಒಂದು ಎಸಳಿಗೆ ಗಂಟೆಗಟ್ಟಲೆ ಹಿಡಿಯುತ್ತದೆ. ಅಷ್ಟು ಹೊತ್ತು ಕಣ್ಣು ಕೆಲಸದ ಮೇಲೇ ಇರುತ್ತದೆ, ಎದುರಿನವರ ಮುಖ ನೋಡಲೇಬೇಕೆಂಬ ಒತ್ತಾಯವಿಲ್ಲ. ಮಾತಾಡಿದರೆ ಕೇಳುವವರಿದ್ದಾರೆ, ಸುಮ್ಮನಿದ್ದರೆ ಯಾರೂ ಯಾಕೆಂದು ಕೇಳುವುದಿಲ್ಲ. ನೋವು ತಿಂದವರಿಗೆ ಇದು ಸಣ್ಣ ಸಂಗತಿಯಲ್ಲ. ಅವರ ಬದುಕಿನಲ್ಲಿ ಮಾತು ಯಾವಾಗಲೂ ಬಲವಂತದ್ದೇ ಆಗಿತ್ತು: ವಿಚಾರಣೆಯಲ್ಲಿ, ಪಾಪನಿವೇದನೆಯಲ್ಲಿ, ಪರಿಹಾರದ ಅರ್ಜಿಯಲ್ಲಿ. ಇಲ್ಲಿ ಎಷ್ಟು ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಅವರ ಕೈಯಲ್ಲೇ ಇದೆ.

ಭಯ ತುಂಬಿಕೊಂಡ ಮೈ ಸದಾ ಮುಂದಿನ ಪೆಟ್ಟಿಗೆ ಕಾಯುತ್ತಿರುತ್ತದೆ. ಒಂದೇ ಲಯದಲ್ಲಿ ಕೈ ಆಡುತ್ತಿರುವಾಗ ಉಸಿರು ನಿಧಾನವಾಗುತ್ತದೆ, ಬಿಗಿದ ಭುಜ ಸಡಿಲವಾಗುತ್ತದೆ. ತಪ್ಪಿದರೆ ಬಿಚ್ಚಿ ಮತ್ತೆ ಹಾಕಬಹುದು. ಮಾಡಿದ್ದು ಕಣ್ಣೆದುರು ಬೆಳೆಯುತ್ತದೆ. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಪಕ್ಕದಲ್ಲಿ ಕೂತ ಅಜ್ಜಿ ದಾರ ಹಿಡಿಯುವ ಬಗೆ ತೋರಿಸುತ್ತಾಳೆ, ನಡುವೆ ತನ್ನ ಅಜ್ಜಿಯ ಮಾತು ತೆಗೆಯುತ್ತಾಳೆ, ಹೂವಿನ ಹೆಸರನ್ನು ತನ್ನ ನುಡಿಯಲ್ಲಿ ಹೇಳುತ್ತಾಳೆ. ಅಜ್ಜಿಗೂ ಮೊಮ್ಮಗಳಿಗೂ ನಡುವಿನ ಈ ಕೊಂಡಿಯನ್ನೇ ವಸತಿ ಶಾಲೆ ಕತ್ತರಿಸಿದ್ದು. ಬಾಲ್ಯದಲ್ಲಿ ಕಲಿಯಲಾಗದ್ದನ್ನು ಐವತ್ತರ ವಯಸ್ಸಿನಲ್ಲಿ ಮೊದಲ ಸಲ ಕಲಿಯುವ ಹೆಂಗಸು ಆ ಹೊತ್ತು ಕಸೂತಿಯ ಜೊತೆಗೆ ತನ್ನ ಸ್ಥಾನವನ್ನೂ ಮರಳಿ ಪಡೆಯುತ್ತಾಳೆ.

ಇನ್ನೊಂದು ಪ್ರಸಂಗ ವ್ಯಾಂಕೂವರ್ ದ್ವೀಪದ ಪೋರ್ಟ್ ಆಲ್ಬರ್ನಿಯದು. ಅಲ್ಲಿನ ವಸತಿ ಶಾಲೆಯ ಮಕ್ಕಳಿಗೆ ರಾಬರ್ಟ್ ಅಲ್ಲರ್ ಎಂಬ ಚಿತ್ರಕಾರ 1950–60ರ ದಶಕಗಳಲ್ಲಿ ಸ್ವಯಂಪ್ರೇರಣೆಯಿಂದ ಚಿತ್ರ ಕಲಿಸುತ್ತಿದ್ದರು. ನೆನಪಿನಲ್ಲಿರುವುದನ್ನು, ಮನೆಯನ್ನು, ಕಡಲನ್ನು ಬರೆಯಿರಿ ಎಂದು ಮಕ್ಕಳಿಗೆ ಬಣ್ಣ ಕೊಡುತ್ತಿದ್ದರು. ಉಳಿದೆಲ್ಲ ಹೊತ್ತು ಮನೆಯನ್ನು ಮರೆಯಲು ಕಲಿಸುತ್ತಿದ್ದ ಜಾಗದಲ್ಲಿ ಅದೊಂದು ತೆರೆದ ಕಿಟಕಿಯಾಗಿತ್ತು. ಆ ಚಿತ್ರಗಳನ್ನು ಅವರು ಬದುಕಿರುವವರೆಗೂ ಜೋಪಾನವಾಗಿಟ್ಟಿದ್ದರು. ಅವರ ನಂತರ ಸಂಗ್ರಹ ವಿಕ್ಟೋರಿಯ ವಿಶ್ವವಿದ್ಯಾಲಯಕ್ಕೆ ಬಂತು.

ಅಲ್ಲಿನ ಮಾನವಶಾಸ್ತ್ರಜ್ಞೆ ಆಂಡ್ರಿಯಾ ವಾಲ್ಶ್ ಅವುಗಳ ಮೇಲೆ ಪ್ರಬಂಧ ಬರೆದು ಸುಮ್ಮನಾಗಬಹುದಿತ್ತು. ಹಾಗೆ ಮಾಡದೆ ಆಕೆ ಚಿತ್ರಗಳನ್ನು ಹಿರಿಯರ ಮುಂದಿಟ್ಟು ಏನು ಮಾಡೋಣ ಎಂದು ಕೇಳಿದರು. ಬರೆದವರನ್ನು ಹುಡುಕಬೇಕು, ನಮ್ಮ ರೀತಿಯಲ್ಲಿ ಹಿಂದಿರುಗಿಸಬೇಕು ಎಂದು ಅವರು ಹೇಳಿದರು. 2013ರಲ್ಲಿ ಪೋರ್ಟ್ ಆಲ್ಬರ್ನಿಯಲ್ಲಿ ದೊಡ್ಡ ಔತಣ ಏರ್ಪಟ್ಟಿತು. ಎಳವೆಯಲ್ಲಿ ಬರೆದು ಮರೆತಿದ್ದ ಚಿತ್ರವನ್ನು ಈಗ ಅಜ್ಜ ಅಜ್ಜಿಯರಾಗಿದ್ದವರು ಮನೆಮಂದಿಯ ಎದುರು ಕೈಗೆ ತೆಗೆದುಕೊಂಡರು. ಆ ಕಾಲದಿಂದ ಅವರ ಬಳಿ ಉಳಿದ ವಸ್ತುಗಳು ಬಹಳ ಕಡಿಮೆ. ಶಾಲೆಯ ಕಡತಗಳಲ್ಲಿ ಅವರನ್ನು ಸಂಖ್ಯೆಗಳಿಂದ ಗುರುತಿಸಿದ್ದರು. ಚಿತ್ರದ ಮೂಲೆಯಲ್ಲಿ ಅವರು ತಾವೇ ಬರೆದುಕೊಂಡ ಹೆಸರಿತ್ತು. ಕಲೆ ಇಲ್ಲಿ ಸಾಕ್ಷಿಯೂ ಆಯಿತು: ಆ ಮಗು ಅಲ್ಲಿತ್ತು, ಅದಕ್ಕೊಂದು ಮನೆಯ ನೆನಪಿತ್ತು ಎಂಬುದಕ್ಕೆ ಸಾಕ್ಷಿ.

ಸಾಕ್ಷಿಯನ್ನು ಇನ್ನೂ ದೊಡ್ಡದಾಗಿ ಕಟ್ಟಿದವರು ಕೇರಿ ನ್ಯೂಮನ್. ಪೆಸಿಫಿಕ್ ಕರಾವಳಿಯ ಕ್ವಾಕ್ವಾಕವಾಕ್ ಮತ್ತು ಕೋಸ್ಟ್ ಸೇಲಿಶ್ ಜನಾಂಗಗಳ ಮೂಲದ ಈ ಶಿಲ್ಪಿಯ ತಂದೆ ವಸತಿ ಶಾಲೆಯಲ್ಲಿ ಬೆಳೆದವರು. ಮಗನಿಗೆ ಆ ಬಗ್ಗೆ ಅವರು ಹೇಳಿದ್ದು ತೀರ ಕಡಿಮೆ. ನ್ಯೂಮನ್ ತಂಡ ಕೆನಡಾದುದ್ದಕ್ಕೂ ತಿರುಗಿ ವಸತಿ ಶಾಲೆಗಳಿಂದ, ಚರ್ಚುಗಳಿಂದ, ಸರ್ಕಾರಿ ಕಟ್ಟಡಗಳಿಂದ, ಬದುಕುಳಿದವರ ಮನೆಗಳಿಂದ ಎಂಟುನೂರಕ್ಕೂ ಹೆಚ್ಚು ವಸ್ತುಗಳನ್ನು ಸಂಗ್ರಹಿಸಿತು. ಯೂಕಾನ್ ಪ್ರದೇಶದ ಕಾರ್‌ಕ್ರಾಸ್‌ನಲ್ಲಿ ಸಿಕ್ಕಿದ ಮಗುವಿನ ಒಂದು ಬೂಟು, ಅಲರ್ಟ್ ಬೇ ಶಾಲೆಯ ರೋಗಿಗಳ ಕೋಣೆಯ ಬಾಗಿಲು, ಇಟ್ಟಿಗೆ, ಗಾಜು, ಫೋಟೊ, ಪತ್ರ. ಶಾಲೆಯಲ್ಲಿ ಮಕ್ಕಳ ಜಡೆ ಕತ್ತರಿಸಿದ್ದರ ನೆನಪಿಗೆ ನ್ಯೂಮನ್ ಅವರ ಸಹೋದರಿಯರು ತಮ್ಮ ಜಡೆಯನ್ನೇ ಕೊಟ್ಟರು. ಇವೆಲ್ಲವನ್ನೂ ಸೀಡರ್ ಚೌಕಟ್ಟಿನಲ್ಲಿ ಕೂಡಿಸಿ ಸುಮಾರು ಹನ್ನೆರಡು ಮೀಟರ್ ಉದ್ದದ ‘ವಿಟ್ನೆಸ್ ಬ್ಲ್ಯಾಂಕೆಟ್’ (ಸಾಕ್ಷಿ ಕಂಬಳಿ) ಎಂಬ ಕೃತಿ 2014ರಲ್ಲಿ ಸಿದ್ಧವಾಯಿತು. ಕರಾವಳಿಯ ಆ ಜನರಲ್ಲಿ ಕಂಬಳಿ ಹೊದಿಸುವುದು ಗೌರವಿಸುವ, ಕಾಯುವ ಕ್ರಮ.

ಈ ಕೃತಿಯನ್ನು ನೋಡಿಕೊಳ್ಳುವ ಹೊಣೆ ವಿನಿಪೆಗ್ಗಿನ ಕೆನಡಾ ಮಾನವ ಹಕ್ಕುಗಳ ಸಂಗ್ರಹಾಲಯಕ್ಕೆ ಬಂದಾಗ ನಡೆದದ್ದು ಎಲ್ಲ ಸಂಗ್ರಹಾಲಯಗಳೂ ಗಮನಿಸಬೇಕಾದ ಸಂಗತಿ. ಮಾರಾಟ ಪತ್ರವಾಗಲಿಲ್ಲ. ಕೃತಿಯ ಒಡೆತನ ಯಾರದ್ದೂ ಅಲ್ಲ, ಹಕ್ಕುಗಳು ಕೃತಿಗೇ ಸೇರಿದವು, ಕಲಾವಿದರೂ ಸಂಗ್ರಹಾಲಯವೂ ಅದರ ಪಾಲಕರು ಮಾತ್ರ ಎಂಬ ಒಪ್ಪಂದವಾಯಿತು. ಲಿಖಿತ ಕರಾರಿನಷ್ಟೇ ತೂಕ ಮೌಖಿಕ ವಿಧಿಗೂ ಇತ್ತು: 2019ರ ಅಕ್ಟೋಬರಿನಲ್ಲಿ ಕೋಮಾಕ್ಸ್‌ನ ಸಾಂಪ್ರದಾಯಿಕ ಮಹಾಮನೆಯಲ್ಲಿ ಸಾಕ್ಷಿಗಳ ಮುಂದೆ ಅದು ನೆರವೇರಿತು. ಯಾವ ಆಚರಣೆಗಾಗಿ ಆ ಕರಾವಳಿಯ ಜನ ಜೈಲಿಗೆ ಹೋಗಿದ್ದರೋ ಅಂಥ ಆಚರಣೆಯ ಸಮ್ಮುಖದಲ್ಲೇ ರಾಷ್ಟ್ರೀಯ ಸಂಸ್ಥೆಯೊಂದು ಕರಾರಿಗೆ ಬದ್ಧವಾಯಿತು. ಗುಣವಾಗುವುದು ಎಂದರೆ ಮನಸ್ಸು ಹಗುರಾಗುವುದಷ್ಟೇ ಅಲ್ಲ, ಅಧಿಕಾರ ಕೈ ಬದಲಾಗುವುದೂ ಹೌದು.

ಸಂಸ್ಕೃತಿ ತಮ್ಮ ಕೈಯಲ್ಲಿದ್ದರೆ ಜನ ಉಳಿಯುತ್ತಾರೆ ಎನ್ನುವುದಕ್ಕೆ ಅಧ್ಯಯನದ ಬೆಂಬಲವೂ ಇದೆ. ಮೈಕೇಲ್ ಚಾಂಡ್ಲರ್ ಮತ್ತು ಕ್ರಿಸ್ಟಫರ್ ಲಲೋಂಡ್ ಎಂಬ ಮನಶ್ಶಾಸ್ತ್ರಜ್ಞರು ಬ್ರಿಟಿಷ್ ಕೊಲಂಬಿಯಾದ ಸುಮಾರು ಇನ್ನೂರು ಮೂಲನಿವಾಸಿ ಸಮುದಾಯಗಳಲ್ಲಿ 1987ರಿಂದ 1992ರವರೆಗಿನ ಯುವಜನರ ಆತ್ಮಹತ್ಯೆಗಳನ್ನು ಪರಿಶೀಲಿಸಿ 1998ರಲ್ಲಿ ಪ್ರಕಟಿಸಿದರು. ಸ್ವಯಮಾಡಳಿತ, ಭೂಮಿಯ ಹಕ್ಕಿನ ಹೋರಾಟ, ಶಾಲೆ, ಆರೋಗ್ಯ, ಪೊಲೀಸ್ ಮತ್ತು ಅಗ್ನಿಶಾಮಕ ಸೇವೆ, ಸಾಂಸ್ಕೃತಿಕ ಕೇಂದ್ರ ಎಂಬ ಆರು ಸಂಗತಿಗಳಲ್ಲಿ ಎಷ್ಟು ಆ ಸಮುದಾಯದ ಹಿಡಿತದಲ್ಲಿವೆ ಎಂದು ನೋಡಿದರು. ಆರೂ ಇದ್ದ ಸಮುದಾಯಗಳಲ್ಲಿ ಆ ಅವಧಿಯಲ್ಲಿ ಒಬ್ಬ ಯುವಕನೂ ಯುವತಿಯೂ ಆತ್ಮಹತ್ಯೆ ಮಾಡಿಕೊಂಡಿರಲಿಲ್ಲ. ಒಂದೂ ಇಲ್ಲದ ಕಡೆ ಪ್ರಮಾಣ ಅತಿ ಹೆಚ್ಚಾಗಿತ್ತು. ಜೊತೆಜೊತೆಗೆ ಕಂಡದ್ದೆಲ್ಲ ಕಾರಣವೆಂದು ಸಾಬೀತಾಗುವುದಿಲ್ಲ, ನಿಜ. ಆದರೂ ದಿಕ್ಕು ಸ್ಪಷ್ಟವಾಗಿದೆ. ಆ ಆರರ ಪಟ್ಟಿಯಲ್ಲಿ ಸಾಂಸ್ಕೃತಿಕ ಕೇಂದ್ರ ಒಂದು ಮಾತ್ರ ಎಂಬುದನ್ನೂ ಗಮನಿಸಬೇಕು. ಭೂಮಿ, ಶಾಲೆ, ಆಡಳಿತ ಅದರ ಪಕ್ಕದಲ್ಲೇ ನಿಂತಿವೆ.

ಎಚ್ಚರಿಕೆ ಬೇಕಾದದ್ದು ಇಲ್ಲೇ. ಮಣಿ ಕೂಟಕ್ಕೆ ಒಂದಿಷ್ಟು ಅನುದಾನ ಕೊಟ್ಟು ಉಳಿದದ್ದನ್ನೆಲ್ಲ ಮುಂದೂಡುವುದು ಸರ್ಕಾರಗಳಿಗೆ ಸುಲಭ. ಕೆನಡಾ 1998ರಲ್ಲಿ 35 ಕೋಟಿ ಡಾಲರ್ ಕೊಟ್ಟು ‘ಅಬೊರಿಜಿನಲ್ ಹೀಲಿಂಗ್ ಫೌಂಡೇಷನ್’ ಸ್ಥಾಪಿಸಿತು. ಸಮುದಾಯಗಳು ತಾವೇ ರೂಪಿಸಿಕೊಂಡ ಕಾರ್ಯಕ್ರಮಗಳಿಗೆ, ಕಲೆ ಕರಕುಶಲದ ಕೆಲಸಗಳಿಗೂ, ಅದರಿಂದ ನೆರವು ಸಿಕ್ಕಿತು. ಆದರೆ 2010ರ ಬಜೆಟ್ಟಿನಲ್ಲಿ ಅದಕ್ಕೆ ಮುಂದಿನ ಹಣ ಇಡಲಿಲ್ಲ, 2014ರಲ್ಲಿ ಸಂಸ್ಥೆ ಬಾಗಿಲು ಮುಚ್ಚಿತು. ನೂರು ವರ್ಷ ನಡೆದ ಹಾನಿಯನ್ನು ಹದಿನಾರು ವರ್ಷದಲ್ಲಿ ಸರಿಪಡಿಸಿ ಮುಗಿಸಿ ಎಂದು ಹೇಳಿದಂತಾಯಿತು. ಹೆಣ್ಣುಮಕ್ಕಳ ಕೊಲೆ ಮತ್ತು ಕಣ್ಮರೆಯ ಬಗ್ಗೆ ನಡೆದ ರಾಷ್ಟ್ರೀಯ ವಿಚಾರಣೆ 2019ರ ಜೂನ್‌ನಲ್ಲಿ ನ್ಯಾಯಕ್ಕಾಗಿ 231 ಬೇಡಿಕೆಗಳನ್ನು ಮುಂದಿಟ್ಟಿತು. ಅವು ಜಾರಿಯಾಗುವುದು ಸರ್ಕಾರದ ಕೆಲಸ. ಮಗಳನ್ನು ಕಳೆದುಕೊಂಡ ತಾಯಿಗೆ ಕೂಟದಲ್ಲಿ ಒಂದಿಷ್ಟು ನೆಮ್ಮದಿ ಸಿಗಬಹುದು. ತನಿಖೆ ಮಾಡದ ಪೊಲೀಸರ ಲೋಪವನ್ನು ಆ ಕೂಟ ತುಂಬಿಕೊಡಲಾರದು.

ಹೊರಗಿನಿಂದ ನೆರವಾಗಲು ಬರುವವರೂ ತಮ್ಮ ಜಾಗ ತಿಳಿದಿರಬೇಕು. ಕೂಟವನ್ನು ಯಾರು ಕರೆದರು, ಹಿರಿಯರು ಯಾರು, ಮಾಡಿದ್ದು ಕೊನೆಗೆ ಯಾರ ಬಳಿ ಉಳಿಯುತ್ತದೆ, ತೋರಿಸಬೇಕೋ ಬೇಡವೋ ಎಂದು ಹೇಳುವವರು ಯಾರು? ಈ ಪ್ರಶ್ನೆಗಳಿಗೆಲ್ಲ ಸಮುದಾಯದವರೇ ಎಂಬ ಉತ್ತರ ಬಾರದಿದ್ದರೆ, ಆ ಕಾರ್ಯಾಗಾರ ಎಷ್ಟೇ ಒಳ್ಳೆಯ ಮನಸ್ಸಿನದಾದರೂ, ವಸತಿ ಶಾಲೆಯ ಕೆಲಸವನ್ನೇ ಮೆಲುದನಿಯಲ್ಲಿ ಮುಂದುವರಿಸಿದಂತೆ. ಕ್ಯಾಮೆರಾದ ಮುಂದೆ ಅಳಿಸುವುದು, ವರದಿಗೆ ಬೇಕೆಂದು ಕತೆ ಹೇಳಿಸುವುದು ಗಾಯವನ್ನು ಮತ್ತೆ ಕೆದಕುತ್ತವೆ.

ಬೆಲ್‌ಕೋರ್ಟ್ ಕೊಟ್ಟ ಕರೆ, ಆಲ್ಬರ್ನಿಯ ಔತಣ, ನ್ಯೂಮನ್ ಕಟ್ಟಿದ ಕೃತಿ ಮೂರರಲ್ಲೂ ಗೆದ್ದದ್ದು ಒಂದೇ ತತ್ವ. ಜನರನ್ನು ರೋಗಿಗಳೆಂದು ಕಾಣದೆ ತಮ್ಮ ನೋವಿಗೆ ತಾವೇ ರೂಪ ಕೊಡಬಲ್ಲ ಒಡೆಯರೆಂದು ಕಂಡರು. ಕಲೆಗೆ ಸತ್ತವರನ್ನು ಮರಳಿ ತರುವ ಶಕ್ತಿಯಿಲ್ಲ. ಆದರೆ ಉಳಿದವರನ್ನು ಒಬ್ಬರ ಪಕ್ಕ ಒಬ್ಬರನ್ನು ಕೂರಿಸುವ, ಅಜ್ಜಿಯ ವಿದ್ಯೆಯನ್ನು ಮೊಮ್ಮಗಳಿಗೆ ದಾಟಿಸುವ, ಇಡೀ ದೇಶವನ್ನು ಬರಿಗಾಲಲ್ಲಿ ನಿಂತು ನೋಡುವಂತೆ ಮಾಡುವ ಶಕ್ತಿ ಅದಕ್ಕಿದೆ ಎಂಬುದನ್ನು ಕೆನಡಾದ ಮೂಲನಿವಾಸಿಗಳು ತೋರಿಸಿಕೊಟ್ಟಿದ್ದಾರೆ. ಅವರ ಕೂಟಗಳಿಗೆ ನಿರಂತರ ಹಣ, ಅವರ ನೆಲಕ್ಕೆ ಹಕ್ಕು, ಅವರ ಹೆಣ್ಣುಮಕ್ಕಳಿಗೆ ನ್ಯಾಯ, ಈ ಮೂರನ್ನೂ ಒಟ್ಟಿಗೆ ಕೊಡುವುದು ಈಗ ಆ ದೇಶ ತೀರಿಸಬೇಕಾದ ಋಣ. ಕಿತ್ತಳೆ ಅಂಗಿ ತೊಡುವ ಪ್ರತಿಯೊಬ್ಬ ಪ್ರಜೆಯೂ, ಹೊಸದಾಗಿ ಅಲ್ಲಿ ನೆಲೆಸಿದ ನಮ್ಮವರೂ, ಆ ಋಣದ ಪಾಲುದಾರರು.